ಎರಡು ಡಿಗ್ರಿ ಅಳಿಯ, ಮೂರು ಡಿಗ್ರಿ ಅತ್ತೆ

ನಾನು ಪದವೀಧರನಾದದ್ದು ಹಾಸಿಗೆಯಲ್ಲಿ, ಕಂಬಳಿ ಹೊದ್ದುಕೊಂಡು, ಎರಡೂ ಕಿವಿಗೆ ಹತ್ತಿ ತುರುಕಿಕೊಂಡು. ಪದವಿ ಇಷ್ಟು ಸುಲಭವಾಗಿ ಸಿಗುತ್ತದೆಂದು ಮೊದಲೇ ತಿಳಿದಿದ್ದರೆ ಹತ್ತನೇ ತರಗತಿಯ ಲೆಕ್ಕದ ಮುಂದೆ ವರ್ಷಗಟ್ಟಲೆ ಹಾಗೆ ಬೆವರು ಸುರಿಸುತ್ತಿರಲಿಲ್ಲ.

ಹಾಗೆಂದು ಪದವಿಗೂ ನನಗೂ ಸಂಬಂಧವೇ ಇರಲಿಲ್ಲವೆಂದು ಯಾರೂ ಹೇಳುವಂತಿಲ್ಲ. ನನ್ನದು ಫೋಟೋಗಳಿಗೆ ಕಟ್ಟು ಹಾಕುವ ಅಂಗಡಿ. ಊರಿನ ವಕೀಲರು, ಡಾಕ್ಟರುಗಳ ಡಿಗ್ರಿಗಳೆಲ್ಲ ಗೋಡೆಯ ಮೊಳೆಗೆ ಏರುವ ಮುಂಚೆ ನನ್ನ ಮೇಜಿನ ಮೇಲೆ ಅಂಗಾತ ಮಲಗಿ ಹೋದಂಥವೇ. ಒಮ್ಮೆ ಒಬ್ಬ ಹಲ್ಲಿನ ಡಾಕ್ಟರ ಡಿಗ್ರಿಯನ್ನು ತಲೆಕೆಳಗಾಗಿ ಕಟ್ಟು ಹಾಕಿಕೊಟ್ಟಿದ್ದೆ. ಅವರ ರೋಗಿಗಳು ಕುರ್ಚಿಯಲ್ಲಿ ಹಿಂದಕ್ಕೆ ಒರಗಿ ನೋಡುವವರಾದ್ದರಿಂದ ಬಹಳ ದಿನ ಅದು ಎಲ್ಲರಿಗೂ ಸರಿಯಾಗಿಯೇ ಕಂಡಿತು. ಈ ಕಸುಬಿನಿಂದಾಗಿ ಬೀದಿಯವರೆಲ್ಲ ನನ್ನನ್ನು ಕರೆಯುವುದು ಕಟ್ಟಣ್ಣ ಎಂದು.

ನಮ್ಮ ಬೀದಿಯ ಬಗ್ಗೆಯೂ ಒಂದು ಮಾತು ಹೇಳಬೇಕು. ಇಲ್ಲಿ ಒಂದೊಂದು ಮನೆ ಒಂದೊಂದು ಭಾಷೆಯಲ್ಲಿ ಜಗಳವಾಡುತ್ತದೆ. ನಮ್ಮ ಎದುರು ಬಾಗಿಲಿನ ಟೈಲರು ನದಿಯಾಚೆಯಿಂದ ಬಂದವರು. ಕೆಳಗಿನ ಬೇಕರಿಯವರು ಬೆಟ್ಟದ ಕಡೆಯವರು. ಗಿರಾಕಿಗಳ ಜೊತೆ ಊರಿನ ಮಾತು, ಹಿಟ್ಟಿನ ಜೊತೆ ತಮ್ಮ ಮಾತು. ಮೂಲೆಯ ಕ್ಷೌರದವರು ಸಮುದ್ರದ ಕಡೆಯಿಂದ ಬಂದವರು. ಊರಿನ ಮಾತನ್ನು ಎಲ್ಲರೂ ಆಡುತ್ತಾರೆ, ಓದಲು ಮಾತ್ರ ಬಹಳ ಜನಕ್ಕೆ ಬಾರದು. ಅದಕ್ಕೆಂದೇ ಬೇಕರಿಯ ಪಕ್ಕದ ಕೋಣೆಯಲ್ಲಿ ಸರ್ಕಾರ ದೊಡ್ಡವರಿಗಾಗಿ ಒಂದು ಸಂಜೆ ಶಾಲೆ ನಡೆಸುತ್ತಿತ್ತು. ನಮ್ಮತ್ತೆ, ಎಂದರೆ ನನ್ನ ಹೆಂಡತಿಯ ತಾಯಿ, ಅಲ್ಲಿಯ ವಿದ್ಯಾರ್ಥಿನಿ.

ಆ ದಿನ ಅತ್ತೆ ಜ್ವರ ಬಿಟ್ಟು ಎದ್ದಿದ್ದರು, ನಾನು ಅದೇ ಜ್ವರ ಹಿಡಿದು ಮಲಗಿದ್ದೆ. ಅಮ್ಮ ಮಗಳು ತರಕಾರಿ ತರಲು ಹೋಗಿದ್ದರು. ಟೈಲರು ಕೊರಳಿಗೆ ಟೇಪು ಹಾಕಿಕೊಂಡೇ ನನ್ನನ್ನು ವಿಚಾರಿಸಲು ಬಂದು ಸ್ಟೂಲಿನ ಮೇಲೆ ಕೂತಿದ್ದರು. ಆಗ ಬಾಗಿಲಲ್ಲಿ ಸಮೀಕ್ಷೆಯ ಮೇಡಂ ಕಾಣಿಸಿಕೊಂಡರು. ಯಾರು ಎಷ್ಟು ಓದಿದ್ದಾರೆ, ಯಾವ ಮನೆಯ ಮಾತು ಯಾವುದು ಎಂದು ಜಿಲ್ಲೆಯಿಡೀ ಕೇಳುವ ಕೆಲಸ. ಪಾಪ, ಮೆಟ್ಟಿಲು ಹತ್ತಿ ಹತ್ತಿ ಎಷ್ಟು ಸುಸ್ತಾಗಿದ್ದರೆಂದರೆ ಅವರು ಮನುಷ್ಯರ ಮುಖ ನೋಡುವುದನ್ನೇ ಬಿಟ್ಟು ಕೈಯಲ್ಲಿದ್ದ ಟ್ಯಾಬ್ ನೋಡಿಕೊಂಡೇ ಮಾತಾಡುತ್ತಿದ್ದರು.

“ನಿಮ್ಮದು ಎಷ್ಟಾಗಿದೆ?” ಎಂದರು.

‘ಓದು’ ಎಂಬ ಪದವನ್ನು ಅವರು ಹೇಳಿಯೇ ಇದ್ದರಂತೆ. ನನ್ನ ಕಿವಿಯ ಹತ್ತಿ ಅದನ್ನು ಒಳಗೆ ಬಿಡಲಿಲ್ಲ. ಮಲಗಿದವನನ್ನು ಕಂಡವರು ಜ್ವರವನ್ನಲ್ಲದೆ ಇನ್ನೇನು ಕೇಳುತ್ತಾರೆ?

“ನೂರರ ಮೇಲೆ ಎರಡು ಡಿಗ್ರಿ” ಎಂದೆ. ಗಂಟಲು ಕಟ್ಟಿದ್ದರಿಂದ ಮಾತಿನ ಮೊದಲರ್ಧ ಕಫದಲ್ಲೇ ಹೂತುಹೋಯಿತು.

“ಎರಡು ಡಿಗ್ರಿನಾ?”

“ಹೂಂ. ಮೊದಲು ಒಂದೇ ಇತ್ತು. ಆಮೇಲೆ ಇನ್ನೊಂದು ಏರ್ತು.”

“ಎಲ್ಲಿ ತಗೊಂಡ್ರಿ?”

“ಎಲ್ಲಿಗೂ ಹೋಗ್ಲಿಲ್ಲ ಮೇಡಂ. ಇಲ್ಲೇ ಮನೇಲೇ, ಹೀಗೇ ಮಲಗಿಕೊಂಡೇ ತಗೊಂಡಿದ್ದು.”

“ದೂರಶಿಕ್ಷಣ” ಎಂದು ಗೊಣಗಿ ಮೇಡಂ ಟ್ಯಾಬ್ ಒತ್ತಿದರು. “ಪರೀಕ್ಷೆ ಮಾಡಿದ್ದು?”

“ಮೂಲೆ ಡಾಕ್ಟ್ರು. ಬಾಯಿ ತೆಗೆಸಿ, ಆ ಅನ್ನಿಸಿ ನೋಡಿದ್ರು.”

“ಮೌಖಿಕ” ಎಂದು ಇನ್ನೊಮ್ಮೆ ಒತ್ತಿದರು. “ಮನೇಲಿ ಇನ್ಯಾರಿದ್ದಾರೆ?”

“ಹೆಂಡತಿಗೆ ಇನ್ನೂ ಏನೂ ಆಗಿಲ್ಲ, ಪುಣ್ಯಕ್ಕೆ. ನಮ್ಮತ್ತೆಗೆ ನನಗಿಂತ ಒಂದು ಜಾಸ್ತಿ, ಮೂರು ಆಗಿತ್ತು. ಅವರಿಂದಲೇ ನನಗೆ ಬಂದಿದ್ದು.”

ಮೇಡಂ ಮೊದಲ ಬಾರಿಗೆ ತಲೆ ಎತ್ತಿದರು. “ಈ ವಯಸ್ಸಲ್ಲಿ ಮೂರಾ?”

“ಈ ವಯಸ್ಸಲ್ಲೇ ಅಲ್ವಾ ಮೇಡಂ ಬೇಗ ಹಿಡ್ಕೊಳ್ಳೋದು?”

ಮೇಡಂ ಅವರ ಕಣ್ಣು ಒದ್ದೆಯಾಯಿತು. “ಇಂಥ ಹೆಂಗಸರು ಮನೆಗೊಬ್ಬರು ಇರಬೇಕು” ಎಂದು ಹೇಳಿ ಹೊರಟರು. ನನ್ನ ಕಣ್ಣೂ ಒದ್ದೆಯಾಯಿತು. ಗುರುತು ಪರಿಚಯವಿಲ್ಲದ ಹೆಂಗಸು ನಮ್ಮತ್ತೆಯ ಜ್ವರಕ್ಕೆ ಇಷ್ಟು ಮರುಗಿದರಲ್ಲ ಎಂದುಕೊಂಡೆ.

ತಿರುಗಿ ನೋಡಿದರೆ ಟೈಲರು ಸ್ಟೂಲಿನಿಂದ ಎದ್ದು ನಿಂತಿದ್ದಾರೆ. ನನ್ನೆದುರು ಯಾವತ್ತೂ ಎದ್ದು ನಿಂತವರಲ್ಲ.

“ಏನ್ ಸಾರ್ ನೀವು! ಎದುರು ಬಾಗಿಲಲ್ಲೇ ಇದ್ದೀನಿ, ಇಷ್ಟು ವರ್ಷ ಒಂದು ಮಾತು ಬಾಯಿ ಬಿಡಲಿಲ್ಲವಲ್ಲ. ಎರಡು ಡಿಗ್ರಿ ಓದಿಕೊಂಡು ಕಟ್ಟು ಹಾಕ್ತಾ ಕೂತಿದ್ದೀರಾ?”

ಕಿವಿಯ ಹತ್ತಿ ತೆಗೆದೆ. ಆಗ ಎಲ್ಲವೂ ಅರ್ಥವಾಯಿತು. ಓಡಿಹೋಗಿ ಮೇಡಂ ಅವರನ್ನು ನಿಲ್ಲಿಸಿ ನಿಜ ಹೇಳಬೇಕಿತ್ತು. ಆದರೆ ಜ್ವರದಲ್ಲಿ ಓಡಬಾರದೆಂದು ಡಾಕ್ಟರು ಹೇಳಿದ್ದರು. ಹೇಳಿರಲಿಲ್ಲ, ಕೇಳಿದ್ದರೆ ಹೇಳುತ್ತಿದ್ದರು. ಅದೂ ಅಲ್ಲದೆ ಆ ‘ಸಾರ್’ ಎಂಬ ಮಾತು ಕಂಬಳಿಗಿಂತ ಬೆಚ್ಚಗಿತ್ತು. ನಾನು ಸುಮ್ಮನೆ ಗೋಡೆ ನೋಡುತ್ತ, ತುಂಬಾ ಓದಿದವರು ನಕ್ಕ ಹಾಗೆ ಸ್ವಲ್ಪವೇ ನಕ್ಕೆ.

ಟೈಲರು ದಡಬಡನೆ ತಮ್ಮ ಮನೆಗೆ ಓಡಿದರು. ಮೇಡಂ ಆಗಲೇ ಅವರ ಬಾಗಿಲಲ್ಲಿದ್ದರು. ಈಗ ನನ್ನ ಕಿವಿ ಚೆನ್ನಾಗಿಯೇ ಕೇಳುತ್ತಿತ್ತು.

“ಓದು?”

“ಎಂ.ಎ.”

“ಯಾವುದರಲ್ಲಿ?”

“ಅಳತೆಯಲ್ಲಿ.”

“ಮನೆಮಾತು?”

“ಇದೇ, ಈಗ ನಿಮ್ಮ ಹತ್ರ ಆಡ್ತಿರೋದೇ.” ಅಷ್ಟರಲ್ಲಿ ಒಳಗೆ ಹಾಲು ಉಕ್ಕಿತು. ಟೈಲರ ಹೆಂಡತಿ ನದಿಯಾಚೆಯ ಭಾಷೆಯಲ್ಲಿ ಹಾಲಿಗೂ ಗಂಡನಿಗೂ ಸೇರಿಸಿ ಬಯ್ದರು. “ಅದ್ಯಾವ ಮಾತು?” ಎಂದು ಮೇಡಂ ಕೇಳಿದರು. ಟೈಲರು ಒಂದು ಕ್ಷಣವೂ ತಡವರಿಸದೆ, “ಅದು ಮಾತಲ್ಲ ಮೇಡಂ, ಸಿಟ್ಟು” ಎಂದರು.

ಟೈಲರ ನಾಲಿಗೆ ಅವರ ಕತ್ತರಿಗಿಂತ ಚುರುಕು. ಮೇಡಂ ಒಂದು ಮನೆ ಮುಗಿಸುವ ಹೊತ್ತಿಗೆ ಮುಂದಿನ ಮನೆಗೆ ಸುದ್ದಿ ತಲುಪಿರುತ್ತಿತ್ತು. ಬೇಕರಿಯವರು ಹಿಟ್ಟು ಉಬ್ಬುವ ವಿಷಯದಲ್ಲಿ ಡಾಕ್ಟರೇಟ್ ಬರೆಸಿದರು. ಕ್ಷೌರದವರು ತಮ್ಮದಿನ್ನೂ ಸಂಶೋಧನೆ ನಡೆಯುತ್ತಿದೆ ಎಂದರು. ಯಾವುದರ ಮೇಲೆ ಎಂದು ಕೇಳಿದ್ದಕ್ಕೆ ತಲೆಯ ಮೇಲೆ ಎಂದರು. ತಮ್ಮ ಮಾತನ್ನು ಬಾಯಿ ಬಿಟ್ಟರೆ ಎಲ್ಲಿ ಓದದವರ ಲೆಕ್ಕಕ್ಕೆ ಸೇರಿಸಿಬಿಡುತ್ತಾರೋ ಎಂದು ಒಬ್ಬರೂ ಮನೆಮಾತನ್ನು ನಿಜವಾಗಿ ಹೇಳಲಿಲ್ಲ. ಸಂಜೆಯ ಹೊತ್ತಿಗೆ ನಮ್ಮ ಬೀದಿ ಒಂದೇ ಭಾಷೆಯ ವಿಶ್ವವಿದ್ಯಾಲಯವಾಗಿತ್ತು.

ಹೆಂಡತಿ ಬಂದಾಗ ನಡೆದದ್ದನ್ನು ಹೇಳಿದೆ. ಅವಳು ತರಕಾರಿ ಚೀಲವನ್ನು ಕೆಳಗಿಡದೆಯೇ, “ನಾಳೇನೇ ಹೋಗಿ ನಿಜ ಹೇಳಿ ಬನ್ನಿ” ಎಂದಳು. ಹೋಗುತ್ತೇನೆ ಎಂದೆ. ನಾಳೆ ಟೈಲರು ಮತ್ತೆ ಸಾರ್ ಎಂದರು. ನಾಡಿದ್ದು ಬೇಕರಿಯವರು ತಾವೇ ಎದ್ದು ಬಂದು ಬ್ರೆಡ್ಡು ಕೊಟ್ಟರು. ಹೀಗೆ ಆ ನಾಳೆ ಬರಲೇ ಇಲ್ಲ.

ಬಂದದ್ದು ಫಲಿತಾಂಶ. ಜಿಲ್ಲೆಯಲ್ಲೇ ಅತಿ ಹೆಚ್ಚು ಓದಿದ ಬೀದಿ ನಮ್ಮದು ಎಂದು ಬೀದಿಯ ಬಾಯಲ್ಲಿ ದೊಡ್ಡ ಬೋರ್ಡು ನಿಂತಿತು. ನಾವು ಅದರ ಕೆಳಗೆ ನಿಂತು ಫೋಟೋ ತೆಗೆಸಿಕೊಂಡೆವು. ಅದಕ್ಕೆ ನಾನೇ ಕಟ್ಟು ಹಾಕಿಕೊಟ್ಟೆ. ಮರುದಿನ ಸಂಜೆ ಶಾಲೆಗೆ ಬೀಗ ಬಿತ್ತು.

ಮೇಷ್ಟ್ರು ನನ್ನ ಅಂಗಡಿಗೆ ಬಂದು ಕುಸಿದು ಕೂತರು. “ಡಾಕ್ಟರೇಟ್ ಮಾಡಿದವರ ಬೀದಿಗೆ ಅಕ್ಷರ ಕಲಿಸೋ ಶಾಲೆ ಯಾಕಂತೆ. ಅದೂ ಎಲ್ಲರ ಮನೆಮಾತೂ ಒಂದೇ ಅಂತೆ. ನಾನು ಇಷ್ಟು ದಿನ ಪಾಠ ಮಾಡಿದ್ದು ಯಾರಿಗೆ ಸ್ವಾಮೀ?” ಎಂದರು. ನಾನು ಗಾಜು ಒರೆಸುತ್ತಾ ಕೂತೆ. ಒರೆಸಿದ ಗಾಜನ್ನೇ ಮತ್ತೆ ಒರೆಸಿದೆ.

ಅತ್ತೆಯದು ಬೇರೆಯೇ ಕಥೆ. ಅವರ ಚಿಕ್ಕ ಮಗಳು ಇರುವ ಊರು ಇಲ್ಲಿಂದ ಅರ್ಧ ದಿನದ ಬಸ್ಸಿನ ದಾರಿ. ಪ್ರತಿ ಸಲವೂ ನಾನು ಅಂಗಡಿ ಮುಚ್ಚಿ ಅವರನ್ನು ಬಸ್ಸು ಹತ್ತಿಸಬೇಕು, ಅಲ್ಲಿ ನನ್ನ ಷಡ್ಡಕ ಬಂದು ಇಳಿಸಿಕೊಳ್ಳಬೇಕು. “ಪಾರ್ಸಲ್ ಆಗಿಬಿಟ್ಟಿದ್ದೀನಿ ನಾನು” ಎಂದು ಅತ್ತೆ ಸಿಡುಕುತ್ತಿದ್ದರು. ಬೋರ್ಡು ತಾನೇ ಓದಿ, ಬಸ್ಸು ತಾನೇ ಹತ್ತಬೇಕು, ಯಾರನ್ನೂ ಕೇಳಬಾರದು. ಅವರು ಶಾಲೆ ಸೇರಿದ್ದೇ ಇದೊಂದಕ್ಕೆ. ಅಕ್ಷರ ಮುಗಿಸಿದರು, ಕಾಗುಣಿತ ಮುಗಿಸಿದರು. ಆದರೆ ಚಿಕ್ಕ ಮಗಳ ಊರಿನ ಹೆಸರಿನಲ್ಲಿ ಹಾಳಾದ್ದು ಎರಡು ಒತ್ತಕ್ಷರ. ಒತ್ತು ಬಿಟ್ಟು ಓದಿದರೆ ಅದು ಇನ್ನೊಂದು ಊರಿನ ಹೆಸರು, ಆ ಊರಿರುವುದು ಬೇರೆ ದಿಕ್ಕಿನಲ್ಲಿ. ಒತ್ತಕ್ಷರದ ಪಾಠ ಮುಂದಿನ ವಾರ ಶುರುವಾಗುವುದಿತ್ತು.

ಬೀಗ ಬಿದ್ದ ದಿನ ಅತ್ತೆ ಬಯ್ಯಲಿಲ್ಲ. ಬಯ್ದಿದ್ದರೆ ನಾನು ಬದುಕುತ್ತಿದ್ದೆ. ಸ್ಲೇಟನ್ನು ಒರೆಸಿ ಅಲಮಾರದ ಮೇಲಿಟ್ಟು, “ಬಸ್ಸು ಹತ್ತಿಸೋಕೆ ಯಾವಾಗ ಬಿಡುವು ಮಾಡ್ಕೊಳ್ತೀರಿ ಅಳಿಯಂದಿರೇ?” ಎಂದು ಕೇಳಿದರು. ನನಗೆ ಆ ರಾತ್ರಿ ಊಟ ಸೇರಲಿಲ್ಲ.

ಬೆಳಿಗ್ಗೆ ಎದ್ದವನೇ ಜಿಲ್ಲಾ ಕಚೇರಿಗೆ ಹೋದೆ. ಗಣತಿ ಸಾಹೇಬರು ನನ್ನ ಬೀದಿಯ ಹೆಸರು ಕೇಳಿದ್ದೇ ತಡ, ಕುರ್ಚಿ ಎಳೆದುಕೊಟ್ಟರು.

“ಸಾರ್, ನನಗೆ ಡಿಗ್ರಿ ಇಲ್ಲ. ಅದು ಜ್ವರ.”

ಸಾಹೇಬರು ಎದ್ದು ನನ್ನ ಕೈ ಹಿಡಿದುಕೊಂಡರು. “ವಿದ್ಯೆಯನ್ನ ಜ್ವರ ಅಂತ ಕರೆದವರನ್ನ ಇವತ್ತೇ ನೋಡಿದ್ದು. ಎಂಥಾ ಮಾತು!” ಗುಮಾಸ್ತರ ಕಡೆ ತಿರುಗಿ, “ಇದನ್ನ ಸನ್ಮಾನದ ಭಾಷಣಕ್ಕೆ ಸೇರಿಸ್ರೀ” ಎಂದರು.

“ಸನ್ಮಾನಾನಾ? ಸಾರ್, ನಾನು ಹತ್ತನೇ ಕ್ಲಾಸಲ್ಲೇ ಡುಮ್ಕಿ ಹೊಡೆದವನು.”

“ದೊಡ್ಡವರೆಲ್ಲ ಹಾಗೇ ಹೇಳ್ಕೊಳ್ಳೋದು.”

“ನಮ್ಮತ್ತೆಗೆ ಒತ್ತಕ್ಷರವೇ ಬರಲ್ಲ ಸಾರ್.”

“ಮೂರು ಡಿಗ್ರಿ ಓದಿ ಕಣ್ಣು ಮಂಜಾಗಿರಬೇಕು. ಒಳ್ಳೆ ಕನ್ನಡಕ ಮಾಡಿಸಿ.”

ಗುಮಾಸ್ತರು ನನ್ನ ಕಷ್ಟ ನೋಡಲಾರದೆ ದಾರಿ ತೋರಿಸಿದರು. “ನಿಮಗೆ ಡಿಗ್ರಿ ಇಲ್ಲ ಅನ್ನೋದಕ್ಕೆ ದಾಖಲೆ ತನ್ನಿ, ತಿದ್ದೋಣ.”

“ಇಲ್ಲದ್ದಕ್ಕೆ ದಾಖಲೆ ಯಾರು ಕೊಡ್ತಾರೆ?”

“ಯಾವ ವಿಶ್ವವಿದ್ಯಾಲಯ ನಿಮಗೆ ಡಿಗ್ರಿ ಕೊಟ್ಟಿಲ್ವೋ ಅದೇ ಕೊಡಬೇಕು.”

“ಯಾವುದೂ ಕೊಟ್ಟಿಲ್ಲ.”

“ಹಾಗಿದ್ರೆ ಎಲ್ಲದರಿಂದಲೂ ತನ್ನಿ.”

ಕೊನೆಗೆ ಸಾಹೇಬರು ನಗುತ್ತಾ, “ಸನ್ಮಾನದ ದಿನ ನಾನೇ ಬೀದಿಗೆ ಬರ್ತೀನಿ. ನಾವು ಓದಿಲ್ಲ ಅಂತ ಅರ್ಧ ಬೀದಿ ಎದ್ದು ನಿಂತು ಹೇಳಲಿ, ಅಲ್ಲೇ ಬೀಗ ತೆಗೆಸ್ತೀನಿ” ಎಂದರು. ಅಂಥದ್ದು ನಡೆಯುವುದಿಲ್ಲ ಎನ್ನುವುದು ಅವರಿಗೆ ಗೊತ್ತಿತ್ತು. ಮನುಷ್ಯರ ಲೆಕ್ಕ ತೆಗೆದವರು.

ನಾನು ಬಾಗಿಲು ಬಾಗಿಲು ತಟ್ಟಿದೆ. ಟೈಲರು ಬಾಗಿಲು ಅರ್ಧ ಮುಚ್ಚಿಕೊಂಡು ಪಿಸುಗುಟ್ಟಿದರು: “ಮಗಳನ್ನ ಕೊಡೋ ಬೀಗರ ಹತ್ರ ಎಂ.ಎ. ಅಂದಾಗಿದೆ ಸಾರ್. ಮೊದಲು ನೀವು ಎದ್ದು ನಿಲ್ಲಿ. ನೀವು ಎರಡನ್ನೂ ಬಿಟ್ಟರೆ ನಾನು ಬಿ.ಎ.ಗೆ ಇಳೀತೀನಿ.” ಬೇಕರಿಯವರು ಆಗಲೇ ‘ಡಾಕ್ಟರ್ ಬೇಕರಿ’ ಎಂದು ಬೋರ್ಡು ಬರೆಸಿದ್ದರು, ಹೊಟ್ಟೆನೋವಿನವರೆಲ್ಲ ಬಂದು ಬನ್ನು ಒಯ್ಯುತ್ತಿದ್ದರು. ಕ್ಷೌರದವರಂತೂ, “ಸಂಶೋಧನೆ ಮುಗಿಯೋ ಹಂತದಲ್ಲಿದೆ, ಈಗ ಬಿಡೋಕಾಗುತ್ತಾ?” ಎಂದು ನನ್ನನ್ನೇ ಕೇಳಿದರು. ಎಲ್ಲರದೂ ಒಂದೇ ಮಾತು: ಮೊದಲು ನೀವು ಎದ್ದು ನಿಲ್ಲಿ.

ಸನ್ಮಾನದ ದಿನ ಬೀದಿಗೆ ಅಡ್ಡಲಾಗಿ ವೇದಿಕೆ ಹಾಕಿದ್ದರು. ಬೀಗ ಬಿದ್ದ ಶಾಲೆಯ ಬಾಗಿಲು ಅದರ ಹಿಂದೆಯೇ. ಸನ್ಮಾನಪತ್ರಕ್ಕೆ ಕಟ್ಟು ಹಾಕುವ ಕೆಲಸ ನನಗೇ ಬಂದಿತ್ತು. ಅದರಲ್ಲೇ ಒಂದು ಗಾಜು ಒಡೆದಿದ್ದೆ. ಸಾಹೇಬರು ನನ್ನನ್ನು ಮೊದಲು ಕರೆದರು. ನಾನು ಮೈಕಿನ ಮುಂದೆ ನಿಂತೆ. ಮುಂದಿನ ಸಾಲಿನಲ್ಲಿ ಹೆಂಡತಿ ಕಣ್ಣಲ್ಲೇ ತಿವಿಯುತ್ತಿದ್ದಳು, ಪಕ್ಕದಲ್ಲಿ ಅತ್ತೆ.

“ನಿಜ ಹೇಳಬೇಕು ಅಂದ್ರೆ…” ಎಂದು ಶುರುಮಾಡಿದೆ. ಇಡೀ ಬೀದಿ ಉಸಿರು ಬಿಗಿಹಿಡಿಯಿತು. ಅಷ್ಟರಲ್ಲಿ ಯಾರೋ ಪುಣ್ಯಾತ್ಮರು ಚಪ್ಪಾಳೆ ತಟ್ಟಿಬಿಟ್ಟರು. ಅದು ಹಿಂದಿನ ಸಾಲಿನವರೆಗೂ ಹಬ್ಬಿತು. ಅಷ್ಟು ಚಪ್ಪಾಳೆ ನನ್ನ ಮದುವೆಯಲ್ಲೂ ಬಿದ್ದಿರಲಿಲ್ಲ.

“ನಿಜ ಹೇಳಬೇಕು ಅಂದ್ರೆ, ತುಂಬಾ ಸಂತೋಷ ಆಗ್ತಿದೆ” ಎಂದು ಹೇಳಿ ಕೂತುಬಿಟ್ಟೆ.

ಹೆಂಡತಿ ಮುಖ ಆ ಕಡೆ ತಿರುಗಿಸಿದಳು. ನಾನಾಗಿದ್ದರೂ ಅದನ್ನೇ ಮಾಡುತ್ತಿದ್ದೆ. ಕೂತ ಕುರ್ಚಿಯ ಸಮೇತ ನೆಲದೊಳಗೆ ಇಳಿದುಹೋಗಬೇಕು ಅನ್ನಿಸಿತು.

“ಈಗ ನಮ್ಮ ಜಿಲ್ಲೆಯ ಹೆಮ್ಮೆ, ಮೂರು ಪದವಿ ಪಡೆದ ಹಿರಿಯರು, ತಮ್ಮ ಸನ್ಮಾನಪತ್ರವನ್ನ ತಾವೇ ಓದಬೇಕು” ಎಂದರು ಸಾಹೇಬರು.

ಅತ್ತೆ ಎದ್ದರು. ಸೆರಗು ಸರಿಮಾಡಿಕೊಂಡು ವೇದಿಕೆ ಹತ್ತಿದರು. ಕಟ್ಟು ಹಾಕಿದ ಪತ್ರವನ್ನು ಬೆಳಕಿಗೆ ತಿರುಗಿಸಿ, ಗಾಜಿನ ಮೇಲೆ ಬೆರಳಿಟ್ಟು, ಒಂದೊಂದೇ ಅಕ್ಷರ ಕೂಡಿಸಿ ಓದಿದರು.

“ನಮ… ಜಿಲೆಯ… ಶೇಷ… ಬೀದಿ.”

“ಶ್ರೇಷ್ಠ, ಅಮ್ಮಾ, ಶ್ರೇಷ್ಠ” ಎಂದು ಗುಮಾಸ್ತರು ಪಿಸುಗುಟ್ಟಿದರು.

“ಕೆಳಗೆ ಏನೇನೋ ನೇತಾಡ್ತಾ ಇದೆ ಕಣಪ್ಪ. ಅದನ್ನ ನಮಗಿನ್ನೂ ಹೇಳ್ಕೊಟ್ಟಿಲ್ಲ. ಹೇಳ್ಕೊಟ್ಟಷ್ಟು ಓದ್ತೀನಿ, ಇರು.” ಬೆರಳು ಮುಂದಕ್ಕೆ ಸರಿಯಿತು. “ಮಾನ… ಅಧಿಕಾರಿಗಳ… ಸಮುಖದಲಿ…”

ಮಾನ್ಯ ಅಧಿಕಾರಿಗಳ ಮುಖ ಕೆಂಪಾಯಿತು. ಅತ್ತೆಯ ದನಿಯಲ್ಲಿ ನಾಚಿಕೆ ಒಂದಿಷ್ಟೂ ಇರಲಿಲ್ಲ. ಪತ್ರವನ್ನು ಸಾಹೇಬರ ಕೈಗೆ ವಾಪಸು ಕೊಟ್ಟರು. “ನನಗೆ ಮೂರು ಡಿಗ್ರಿ ಇದ್ದಿದ್ದು ಮೈಯಲ್ಲಿ, ಮಾತ್ರೆ ನುಂಗಿದೆ, ಇಳೀತು. ಒತ್ತಕ್ಷರ ಮುಂದಿನ ವಾರ ಹೇಳ್ಕೊಡ್ತೀನಿ ಅಂದಿದ್ರು ಮೇಷ್ಟ್ರು, ಅಷ್ಟರಲ್ಲಿ ನೀವು ಬೀಗ ಹಾಕ್ಸಿದ್ರಿ. ಬೀಗ ತೆಗೆಸಿ ಸಾಹೇಬ್ರೇ, ಇದನ್ನ ಪೂರ್ತಿ ಓದಿ ತೋರಿಸ್ತೀನಿ.”

ಆಗ ನನಗೆ ಎಲ್ಲಿಂದಲೋ ಧೈರ್ಯ ಬಂತು. ಬರಬೇಕಾದಾಗ ಬರದೆ ಮೈಕು ಕೈತಪ್ಪಿದ ಮೇಲೆ ಬಂತು. ಕುರ್ಚಿಯ ಮೇಲೆ ಹತ್ತಿ ನಿಂತು, “ನನಗೂ ಜ್ವರ ಸಾರ್! ಜ್ವರವೇ!” ಎಂದು ಕಿರುಚಿದೆ.

ಟೈಲರು ಎದ್ದರು. ಸನ್ಮಾನ ನೋಡಲು ಬಂದಿದ್ದ ಬೀಗರ ಕಡೆ ಒಮ್ಮೆ ನೋಡಿ, ಕಣ್ಣುಮುಚ್ಚಿ, “ನನಗೂ ಜ್ವರ!” ಎಂದರು. ಬೇಕರಿಯವರು ಎದ್ದರು. ಕ್ಷೌರದವರೂ ತಲೆ ಕೆರೆದುಕೊಳ್ಳುತ್ತಾ ಎದ್ದರು. ನೋಡನೋಡುತ್ತಿದ್ದಂತೆ ಅರ್ಧ ಬೀದಿ ಎದ್ದು ನಿಂತು ನಮಗೂ ಜ್ವರ, ನಮಗೂ ಜ್ವರ ಎಂದು ಕೂಗತೊಡಗಿತು. ಹಿಂದೆ ನಿಂತಿದ್ದ ಕಚೇರಿಯವರಿಗೆ ಮೊದಲಿನದೇನೂ ಕೇಳಿಸಿರಲಿಲ್ಲ. ಅವರು ಮೂಗಿಗೆ ಕರವಸ್ತ್ರ ಹಿಡಿದು ಆರೋಗ್ಯ ಇಲಾಖೆಗೆ ಫೋನ್ ಮಾಡಿದರು. ಬೇಕರಿಯವರ ತಾಯಿ ಬೆಟ್ಟದ ಮಾತಿನಲ್ಲಿ, ಟೈಲರ ಹೆಂಡತಿ ನದಿಯಾಚೆಯ ಮಾತಿನಲ್ಲಿ, ಕ್ಷೌರದವರ ಮನೆಯವರು ಸಮುದ್ರದ ಕಡೆಯ ಮಾತಿನಲ್ಲಿ ಶಾಲೆಯ ಬಾಗಿಲು ತೋರಿಸಿ ತೋರಿಸಿ ಸಾಹೇಬರನ್ನು ತರಾಟೆಗೆ ತೆಗೆದುಕೊಂಡರು.

“ಇವೆಲ್ಲ ಯಾವ ಭಾಷೆ? ವರದಿಯಲ್ಲಿ ಒಂದೇ ಅಂತ ಇದೆಯಲ್ರೀ!” ಎಂದು ಸಾಹೇಬರು ಅಳುವಂತಾದರು.

ವರದಿ ಆಗಲೇ ಮೇಲಕ್ಕೆ ಹೋಗಿತ್ತು, ವಾಪಸು ತರಿಸುವಂತಿರಲಿಲ್ಲ. ಗುಮಾಸ್ತರು ಸಾಹೇಬರ ಕಿವಿಯಲ್ಲಿ ಏನೋ ಹೇಳಿದರು. ಅಲ್ಲೇ ಬೀಗ ತೆಗೆಸಿದರು. ವಾರದೊಳಗೆ ಬಾಗಿಲ ಮೇಲೆ ಹೊಸ ಬೋರ್ಡು ಬಂತು: ಉನ್ನತ ಭಾಷಾ ಸಂಶೋಧನಾ ಕೇಂದ್ರ. ಡಾಕ್ಟರೇಟ್ ಆದವರ ಬೀದಿಗೆ ಸಂಜೆ ಶಾಲೆ ಕೊಡಲು ಬರುವುದಿಲ್ಲವಂತೆ, ಸಂಶೋಧನಾ ಕೇಂದ್ರ ಕೊಡಬಹುದಂತೆ. ಒಳಗೆ ಅದೇ ಮೇಷ್ಟ್ರು, ಅದೇ ಕರಿಹಲಗೆ, ಕಕ್ಕೆ ಕ ಒತ್ತು ಕೊಟ್ಟರೆ ಕ್ಕ ಎಂಬ ಪಾಠ. ಅತ್ತೆ ಹಿರಿಯ ಸಂಶೋಧಕಿ. ಬೀದಿಯಲ್ಲಿ ನನ್ನ ‘ಸಾರ್’ ಹೋಗಿ ಕಟ್ಟಣ್ಣ ವಾಪಸು ಬಂದ. ಎರಡು ದಿನ ಬೇಜಾರಾಯಿತು, ಆಮೇಲೆ ಹಗುರವಾಯಿತು.

ಒತ್ತಕ್ಷರವೆಲ್ಲ ಮುಗಿದ ಮೇಲೆ ಒಂದು ಬೆಳಿಗ್ಗೆ ಅತ್ತೆ ಚೀಲ ಹಿಡಿದು ಹೊರಟು ನಿಂತರು. “ಯಾರೂ ಬರಕೂಡದು” ಎಂದರು. ಹೆಂಡತಿ ಹೂಂ ಎಂದಳು. ನಾನೂ ಹೂಂ ಎಂದೆ. ಅವರು ಬೀದಿ ತಿರುಗುತ್ತಲೇ ಮನೆಯ ಚಪ್ಪಲಿಯಲ್ಲೇ ಹಿಂದೆ ಓಡಿದೆ. ಅಳಿಯನಾದವನಿಗೆ ಜವಾಬ್ದಾರಿ ಇರುತ್ತದಲ್ಲ.

ಬಸ್ ಸ್ಟ್ಯಾಂಡಿನಲ್ಲಿ ಕಂಬದಿಂದ ಕಂಬಕ್ಕೆ ಅಡಗಿಕೊಳ್ಳುತ್ತಾ ನೋಡಿದೆ. ಅತ್ತೆ ಸಾಲಾಗಿ ನಿಂತ ಬಸ್ಸುಗಳ ಮುಂದೆ ಒಂದೊಂದಾಗಿ ನಿಂತರು, ತುಟಿ ಅಲ್ಲಾಡಿಸಿದರು, ತಲೆಯಾಡಿಸಿ ಮುಂದೆ ಹೋದರು. ಕೊನೆಗೆ ಒಂದನ್ನು ಹತ್ತಿದರು. ನಾನು ಬೋರ್ಡು ನೋಡಿದೆ. ಒತ್ತಿಲ್ಲದ ಊರು! ಬಸ್ಸು ಹೊರಟೇಬಿಟ್ಟಿತು. ಎದ್ದೆನೋ ಬಿದ್ದೆನೋ ಎಂದು ಓಡಿ ನೇತುಬಿದ್ದು ಒಳಗೆ ಹತ್ತಿದೆ.

“ಅತ್ತೇ, ಇಳೀರಿ! ಇದು ಬೇರೆ ಊರಿನ ಬಸ್ಸು!”

ಬಸ್ಸಿಗೆ ಬಸ್ಸೇ ತಿರುಗಿ ನೋಡಿತು. ಅತ್ತೆ ಕಿಟಕಿಯ ಪಕ್ಕ ಆರಾಮಾಗಿ ಕೂತಿದ್ದರು.

“ಕಂಬದ ಹಿಂದೆ ನಿಂತು ಓದಿದ್ರೆ ಹಾಗೇ ಅಳಿಯಂದಿರೇ. ಪಕ್ಕದ ಬಸ್ಸಿನ ಬೋರ್ಡು ಕಾಣುತ್ತೆ.”

ಕಂಡಕ್ಟರು ಅಡ್ಡ ನಿಂತು, ಇದು ಎಲ್ಲೂ ನಿಲ್ಲದ ಬಸ್ಸು, ಇಳಿಯುವಂತಿಲ್ಲ, ಟಿಕೆಟ್ ತಗೊಳ್ಳಿ ಎಂದರು. ನನ್ನ ಜೇಬಿನಲ್ಲಿ ಒಂದು ಮೊಳೆಯ ಹೊರತು ಏನೂ ಇರಲಿಲ್ಲ. ಅತ್ತೆ ಸೆರಗಿನ ಗಂಟು ಬಿಚ್ಚಿದರು.

“ಎರಡು ಕೊಡಪ್ಪ. ಇವರು ನನ್ನ ಜೊತೆಯವರೇ. ಓದೋದು ಸ್ವಲ್ಪ ಕಷ್ಟ ಇವರಿಗೆ.”

ದಾರಿಯುದ್ದಕ್ಕೂ ಅತ್ತೆ ಅಂಗಡಿಗಳ ಬೋರ್ಡು, ಮೈಲಿಗಲ್ಲು, ಗೋಡೆಬರಹ ಒಂದನ್ನೂ ಬಿಡದೆ ಗಟ್ಟಿಯಾಗಿ ಓದಿದರು. ಒತ್ತು ಬಂದಲ್ಲೆಲ್ಲ ಇನ್ನಷ್ಟು ಒತ್ತಿ ಓದಿದರು. ನಾನು ಪಕ್ಕದಲ್ಲಿ ಕೂತು ಹೂಂಗುಟ್ಟಿದೆ. ನನಗೆ ನಿಜವಾಗಿಯೂ ಖುಷಿಯಾಗುತ್ತಿತ್ತು.

ಊರು ಬಂತು. ಹೆಂಡತಿ ಗುಟ್ಟಾಗಿ ಮಾಡಿದ್ದ ಫೋನಿನಿಂದ ತಿಳಿದು, ಇಳಿಸಿಕೊಳ್ಳಲು ನಿಂತಿದ್ದ ಷಡ್ಡಕ ನನ್ನನ್ನು ಕಂಡು, ಕೆಳಗೆ ನನ್ನ ಚಪ್ಪಲಿಯನ್ನೂ ಕಂಡು, ನಕ್ಕರು.

“ಓಹೋ, ಅತ್ತೆಯವರನ್ನ ಕರ್ಕೊಂಡು ನೀವೇ ಬಂದ್ರಾ?”

ನಾನು ಬಾಯಿ ತೆರೆಯುವ ಮುಂಚೆಯೇ ಅತ್ತೆ ಮೆಟ್ಟಿಲು ಇಳಿದು, ಚೀಲವನ್ನು ನನ್ನ ಕೈಗೆ ಕೊಟ್ಟು ಹೇಳಿದರು:

“ಇಲ್ಲ ಅಳಿಯಂದಿರೇ, ಇವರನ್ನ ನಾನೇ ಕರ್ಕೊಂಡು ಬಂದೆ.”